ಅಂಗೈಯಲ್ಲಿ ಉಳಿದ ಮೂರು ಬೀಜ

ಮಕ್ಕಳಿಗೆ ಭಾಗಾಕಾರ ಹೇಳಿಕೊಡಲು ಕುಳಿತಾಗ ಪುಸ್ತಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಒಂದು ಹಿಡಿ ಹುಣಿಸೆ ಬೀಜ, ನಾಲ್ಕು ಬಟ್ಟಲು ಸಾಕು. 23 ಬೀಜ ಎಣಿಸಿ ಕೊಟ್ಟು, ಬಟ್ಟಲಿಗೆ ಒಂದೊಂದರಂತೆ ಹಾಕುತ್ತಾ ಹೋಗಲು ಹೇಳಿ. ಐದು ಸುತ್ತು ಮುಗಿದಾಗ ಮಗುವಿನ ಅಂಗೈಯಲ್ಲಿ ಮೂರು ಬೀಜ ಉಳಿದಿರುತ್ತವೆ. ಆರನೆಯ ಸುತ್ತು ಶುರು ಮಾಡಿದರೆ ಒಂದು ಬಟ್ಟಲಿಗೆ ಮೋಸವಾಗುತ್ತದೆ. ಆ ಮೂರೇ ಶೇಷ.

ಹೆಸರುಗಳನ್ನು ಈಗ ಹೇಳಿ. ಹಂಚಲು ತೆಗೆದುಕೊಂಡ 23 ಭಾಜ್ಯ, ಬಟ್ಟಲುಗಳ ಸಂಖ್ಯೆ 4 ಭಾಜಕ, ಬಟ್ಟಲಿಗೆ ಬಿದ್ದ 5 ಭಾಗಲಬ್ಧ. ಇವನ್ನು ಮೊದಲೇ ಬಾಯಿಪಾಠ ಮಾಡಿಸುವ ಪದ್ಧತಿ ನನಗೆ ಹಿಡಿಸದು. ಕೈಯಲ್ಲಿ ಮುಟ್ಟಿದ್ದಕ್ಕೆ ಹೆಸರು ಬೇಗ ಅಂಟುತ್ತದೆ.

ಇದನ್ನೇ ಕಾಗದದ ಮೇಲೆ ಮಾಡುವಾಗ ಮಗ್ಗಿ ಬೇಕು. ನಾಲ್ಕೈದಲ ಇಪ್ಪತ್ತು, ನಾಲ್ಕಾರಲ ಇಪ್ಪತ್ತನಾಲ್ಕು, 23 ದಾಟಿತು. ಒಂದು ಹೆಜ್ಜೆ ಹಿಂದೆ ಬಂದು 20 ಕಳೆದರೆ 3. ಕೆಲವು ಮಕ್ಕಳು ಅವಸರದಲ್ಲಿ ಭಾಗಲಬ್ಧ 4, ಶೇಷ 7 ಎಂದು ಬರೆಯುತ್ತಾರೆ. ಕೆಂಪು ಗೀಟು ಎಳೆಯಬೇಡಿ. ಏಳು ಬೀಜ ಕೈಗೆ ಹಾಕಿ, 'ಇನ್ನೊಂದು ಸುತ್ತು ಬರುತ್ತದೆಯೇ ನೋಡು' ಎನ್ನಿ. ಶೇಷ ಯಾವಾಗಲೂ ಭಾಜಕಕ್ಕಿಂತ ಚಿಕ್ಕದೇಕೆ ಎಂಬುದು ಅಲ್ಲಿಗೆ ತಿಳಿಯುತ್ತದೆ.

ನಿಜವಾದ ತೊಡಕು ಸೊನ್ನೆಯದು. 617ನ್ನು 6ರಿಂದ ಭಾಗಿಸಿ. 6ರಲ್ಲಿ 6 ಒಂದು ಸಲ. ಕೆಳಗಿಳಿಸಿದ 1ರಲ್ಲಿ 6 ಹೋಗುವುದಿಲ್ಲ, ಹಾಗಾಗಿ ಭಾಗಲಬ್ಧದಲ್ಲಿ 0 ಬರೆಯಬೇಕು. ಆಮೇಲೆ 7 ಇಳಿಸಿದರೆ 17; ಅದರಲ್ಲಿ ಎರಡು ಸಲ, ಉಳಿದದ್ದು 5. ಭಾಗಲಬ್ಧ 102, ಶೇಷ 5. ಸೊನ್ನೆ ಮರೆತವರಿಗೆ ಭಾಗಲಬ್ಧ 12 ಬರುತ್ತದೆ, ಶೇಷ ಮಾತ್ರ ಅದೇ 5! ಶೇಷವನ್ನಷ್ಟೇ ನೋಡಿ ಸರಿ ಎಂದುಬಿಡುವ ದೊಡ್ಡವರೂ ಇದ್ದಾರೆ. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷ ಕೂಡಿಸಿದರೆ ಭಾಜ್ಯ ಬರಬೇಕು: 6 × 102 + 5 = 617. ಸೊನ್ನೆ ಬಿಟ್ಟರೆ 6 × 12 + 5 = 77. ಆರು ನೂರು ಚಿಲ್ಲರೆ ಎಲ್ಲಿ, 77 ಎಲ್ಲಿ!

ಲೆಕ್ಕ ಬಂದ ಮೇಲೂ ಒಂದು ಪ್ರಶ್ನೆ ಇದೆ: ಉಳಿದದ್ದನ್ನು ಏನು ಮಾಡುವುದು? 38 ಭಾಗಿಸು 6 ಎಂದರೆ ಭಾಗಲಬ್ಧ 6, ಶೇಷ 2. ಆರಾರು ಜನ ಕೂರುವ ದೋಣಿಯಲ್ಲಿ 38 ಮಕ್ಕಳು ಹೊಳೆ ದಾಟಬೇಕಿದ್ದರೆ ಆರು ದೋಣಿ ಸಾಲದು. ಇಬ್ಬರನ್ನು ದಡದಲ್ಲಿ ಬಿಟ್ಟು ಹೋಗಲಾದೀತೇ? ಏಳು ಬೇಕು. ಆರು ರೂಪಾಯಿಯ ಪೆನ್ಸಿಲ್‌ಗಳನ್ನು 38 ರೂಪಾಯಿಗೆ ಕೊಳ್ಳುವುದಾದರೆ ಆರೇ ಬರುತ್ತವೆ, ಎರಡು ರೂಪಾಯಿ ಜೇಬಿಗೆ. ಏಳು ಹೋಳಿಗೆಯನ್ನು ಇಬ್ಬರು ಹಂಚಿಕೊಂಡರೆ ಉಳಿದ ಒಂದನ್ನು ಮುರಿದು ಅರ್ಧರ್ಧ ತಿನ್ನಬಹುದು. ದೋಣಿಯನ್ನು ಮುರಿಯಲಾಗದು.

ಕೆಲವೊಮ್ಮೆ ಶೇಷವೊಂದೇ ಬೇಕು, ಭಾಗಲಬ್ಧದ ಗೊಡವೆಯೇ ಇಲ್ಲ. 365 ದಿನಗಳನ್ನು 7ರಿಂದ ಭಾಗಿಸಿದರೆ 52 ವಾರ, ಶೇಷ 1. ಅದಕ್ಕೇ ಒಂದೇ ತಾರೀಕು ಮರುವರ್ಷ ಒಂದು ದಿನ ಮುಂದಕ್ಕೆ, ಅಂದರೆ ಸೋಮವಾರವಿದ್ದದ್ದು ಮಂಗಳವಾರಕ್ಕೆ ಸರಿಯುತ್ತದೆ. ನಡುವೆ ಫೆಬ್ರುವರಿ 29 ಬಂದರೆ ಶೇಷ 2. ಕನ್ನಡ ರಾಜ್ಯೋತ್ಸವ 2023ರಲ್ಲಿ ಬುಧವಾರ ಬಂದಿತ್ತು. 2024ರಲ್ಲಿ ಗುರುವಾರವನ್ನು ಹಾರಿ ಶುಕ್ರವಾರಕ್ಕೆ ಹೋಯಿತು, 2025ರಲ್ಲಿ ಶನಿವಾರ. ಮುಂದಿನ ಹುಟ್ಟುಹಬ್ಬ ಯಾವ ವಾರ ಬೀಳುತ್ತದೆ ಎಂದು ಮಗುವನ್ನೇ ಕೇಳಿ. ಕ್ಯಾಲೆಂಡರ್ ಮಾತ್ರ ಮಗುಚಿಡಿ.