ಗೆಳೆಯರ ಜೊತೆ ಫ್ಲಾರೆನ್ಸ್‌ಗೆ: ಏನು ಮೊದಲೇ ಬುಕ್ ಮಾಡಬೇಕು, ಏನನ್ನು ಹಾಗೇ ಬಿಡಬೇಕು

ಇಟಲಿಯ ಫ್ಲಾರೆನ್ಸ್ ಚಿಕ್ಕ ಊರು. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿಂದ ದೊಡ್ಡ ಗುಮ್ಮಟದ ಚರ್ಚ್‌ಗೆ ನಡೆದರೆ ಹತ್ತು ನಿಮಿಷ, ಅಲ್ಲಿಂದ ಆರ್ನೊ ನದಿಗೆ ಇನ್ನೊಂದು ಹತ್ತು ನಿಮಿಷ. ಆದರೆ ಆ ಇಪ್ಪತ್ತು ನಿಮಿಷದ ದಾರಿಯಲ್ಲಿ ನೋಡೋಕೆ ಎಷ್ಟಿದೆ ಅಂದರೆ, ನಾಲ್ಕೈದು ಜನ ಗೆಳೆಯರು ಒಟ್ಟಿಗೆ ಹೋದಾಗ ಒಬ್ಬೊಬ್ಬರದೂ ಒಂದೊಂದು ಪಟ್ಟಿ, ಎಲ್ಲವನ್ನೂ ಎಲ್ಲರೂ ನೋಡಲೇಬೇಕು ಅಂತ ಹಟ ಹಿಡಿದರೆ ಎರಡನೇ ದಿನಕ್ಕೇ ಮುಖ ದಪ್ಪಗಾಗುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೇ. ಬೆಳಗ್ಗೆ ಟಿಕೆಟ್ ಬೇಕಾದ ಒಂದೇ ಒಂದು ಜಾಗಕ್ಕೆ ಎಲ್ಲರೂ ಜೊತೆಗೆ ಹೋಗಿ. ಮಧ್ಯಾಹ್ನ ಅವರವರ ಪಾಡಿಗೆ ಬಿಡಿ. ಸಂಜೆ ಗೊತ್ತು ಮಾಡಿದ ಜಾಗದಲ್ಲಿ ಸೇರಿ. ಉಳಿದದ್ದೆಲ್ಲ ಇದರ ಸುತ್ತಲೇ ಹೊಂದಿಸಿಕೊಳ್ಳಬಹುದು.

ಮೊದಲು ವೀಸಾ. ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಗೆ ಅಂದರೂ ಹದಿನೈದು ದಿನ ಮೊದಲು ಹಾಕಿರಬೇಕು. ಕೊನೇ ಗಳಿಗೆಯವರೆಗೆ ಕಾಯಬೇಡಿ. ಬೇಸಿಗೆ ರಜೆಗೆ ಮುಂಚೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಇಡೀ ಗುಂಪಿನ ಪ್ಲಾನ್ ಅಲುಗಾಡುತ್ತದೆ. ಕನಿಷ್ಠ 30,000 ಯೂರೋ ಕವರ್ ಇರುವ ಪ್ರಯಾಣ ವಿಮೆ ಕಡ್ಡಾಯ. ಎಲ್ಲರ ಅರ್ಜಿಯಲ್ಲೂ ಹೋಟೆಲ್ ಬುಕಿಂಗ್, ತಾರೀಖು, ಊರುಗಳ ಹೆಸರು ಒಂದೇ ಥರ ಇರಲಿ. ಇದಕ್ಕೆ ಒಬ್ಬರೇ ಕೂತು ಒಂದು ಹಾಳೆ ಮಾಡಿ ಎಲ್ಲರಿಗೂ ಕಳಿಸುವುದು ಒಳ್ಳೆಯದು. ಬೆಂಗಳೂರಿನಿಂದ ಫ್ಲಾರೆನ್ಸ್‌ಗೆ ನೇರ ವಿಮಾನ ಇಲ್ಲ. ರೋಮ್ ಅಥವಾ ಮಿಲಾನ್‌ಗೆ ಇಳಿದು ಫಾಸ್ಟ್ ರೈಲು ಹಿಡಿಯೋದೇ ಸುಲಭ. ರೋಮ್‌ನಿಂದ ಸುಮಾರು ಒಂದೂವರೆ ಗಂಟೆ, ಮಿಲಾನ್‌ನಿಂದ ಸುಮಾರು ಎರಡು ಗಂಟೆ. ಈ ರೈಲುಗಳ ಟಿಕೆಟ್ ಮುಂಚೆ ತಗೊಂಡಷ್ಟೂ ಅಗ್ಗ, ಹೊರಡುವ ದಿನ ತಗೊಂಡರೆ ಬೆಲೆ ಜಾಸ್ತಿ.

ಯಾವಾಗ ಹೋಗಬೇಕು ಅಂದರೆ, ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್ ಕೊನೆ–ಅಕ್ಟೋಬರ್. ಜುಲೈ, ಆಗಸ್ಟ್ ಬೇಡ ಅಂತಲೇ ಹೇಳ್ತೀನಿ. ಊರು ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ, ಗಾಳಿ ಆಡಲ್ಲ, 35 ಡಿಗ್ರಿ ದಾಟುವುದು ಮಾಮೂಲು, ಮೇಲಿಂದ ಜನ. ಚಳಿಗಾಲದಲ್ಲಿ ರೂಮು ಅಗ್ಗ, ಸಾಲು ಕಡಿಮೆ, ಆದರೆ ಸಂಜೆ ಐದಕ್ಕೆಲ್ಲ ಕತ್ತಲು. ಜೂನ್ 24 ಊರಿನ ರಕ್ಷಕ ಸಂತ ಯೋಹಾನನ ಹಬ್ಬ. ರಾತ್ರಿ ನದಿಯ ಮೇಲೆ ಪಟಾಕಿ ನೋಡೋಕೆ ಚೆನ್ನಾಗಿರುತ್ತೆ, ಆದರೆ ಆ ದಿನ ಊರಲ್ಲಿ ರಜೆ ಅನ್ನುವುದು ನೆನಪಿರಲಿ.

ಉಳಿಯೋದಕ್ಕೆ ನಾನಾದರೆ ನದಿಯ ಆಚೆ ದಡ ಆರಿಸ್ತೀನಿ. ಆ ಭಾಗಕ್ಕೆ ಓಲ್ತ್ರಾರ್ನೊ ಅಂತ ಹೆಸರು. ಅಲ್ಲಿ ಸಾಂತೊ ಸ್ಪಿರಿತೊ ಚೌಕದ ಸುತ್ತ ಇನ್ನೂ ಊರಿನವರು ವಾಸವಿದ್ದಾರೆ, ಮರಗೆಲಸ, ಚರ್ಮದ ಕೆಲಸ ಮಾಡುವವರ ಅಂಗಡಿಗಳಿವೆ, ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ಹರಟುವ ಹುಡುಗರಿರ್ತಾರೆ. ನಾಲ್ಕು ಜನ ಇದ್ದರೆ ಎರಡು ಹೋಟೆಲ್ ರೂಮಿಗಿಂತ ಅಡುಗೆಮನೆ ಇರುವ ಒಂದು ಅಪಾರ್ಟ್‌ಮೆಂಟ್ ಲೇಸು. ಬುಕ್ ಮಾಡುವಾಗ ಎರಡು ಪ್ರಶ್ನೆ ಕೇಳಿ: ಎಷ್ಟನೇ ಮಹಡಿ, ಲಿಫ್ಟ್ ಇದೆಯಾ. ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದೇ ಹೆಚ್ಚು, ಕಲ್ಲಿನ ಕಡಿದಾದ ಮೆಟ್ಟಿಲ ಮೇಲೆ 23 ಕೆಜಿ ಸೂಟ್‌ಕೇಸ್ ಎತ್ತುವುದು ಸುಮ್ನೆ ಅಲ್ಲ. ಬಾಡಿಗೆಯ ಜೊತೆಗೆ ತಲೆಗೆ, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಇರುತ್ತೆ. ವಿಳಾಸ ಹುಡುಕುವಾಗ ಒಂದು ವಿಷಯ ಗೊತ್ತಿರಲಿ. ಫ್ಲಾರೆನ್ಸ್‌ನ ಒಂದೇ ಬೀದಿಯಲ್ಲಿ ಎರಡು ಸಾಲು ನಂಬರ್‌ಗಳಿವೆ. ಮನೆಗಳಿಗೆ ಕಪ್ಪು ಅಥವಾ ನೀಲಿ, ಅಂಗಡಿ, ರೆಸ್ಟೋರೆಂಟ್‌ಗಳಿಗೆ ಕೆಂಪು. ಕೆಂಪು 25 ಇರುವ ಕಡೆಗೂ ಕಪ್ಪು 25 ಇರುವ ಕಡೆಗೂ ಸಾಕಷ್ಟು ದೂರ ಇರಬಹುದು. ವಿಳಾಸದಲ್ಲಿ ನಂಬರ್ ಆದ ಮೇಲೆ ಸಣ್ಣ 'ಆರ್' (r) ಅಕ್ಷರ ಇದ್ದರೆ ಅದು ಕೆಂಪು ಅಂತ ಅರ್ಥ.

ಕಾರು ಬಾಡಿಗೆಗೆ ತಗೊಂಡು ಊರೊಳಗೆ ಹೋಗಲೇಬೇಡಿ. ಹಳೇ ಊರಿನ ಬಹುಭಾಗ ನಿರ್ಬಂಧಿತ ವಾಹನ ವಲಯ. ಪ್ರವೇಶದಲ್ಲೆಲ್ಲ ಕ್ಯಾಮೆರಾ ಇವೆ, ಪರವಾನಗಿ ಇಲ್ಲದೆ ದಾಟಿದ ಪ್ರತಿ ಸಲಕ್ಕೂ ಬೇರೆ ಬೇರೆ ದಂಡ, ಅದು ನೀವು ಊರಿಗೆ ವಾಪಸ್ ಬಂದು ತಿಂಗಳುಗಳಾದ ಮೇಲೂ ಮನೆಗೆ ಬರಬಹುದು. ಕಾರು ಬೇಕೇ ಬೇಕು ಅಂದರೆ ಹಳ್ಳಿ ಕಡೆ ಹೊರಡುವ ದಿನ ಮಾತ್ರ, ಅದೂ ಊರ ಹೊರಗಿನಿಂದ ತಗೊಳ್ಳಿ.

ಈಗ ಮೊದಲೇ ಬುಕ್ ಮಾಡಬೇಕಾದವು. ಮೂರೇ: ದೊಡ್ಡ ಚರ್ಚಿನ ಗುಮ್ಮಟ ಹತ್ತುವುದು, ಚಿತ್ರಗಳ ಮ್ಯೂಸಿಯಂ ಉಫೀತ್ಸಿ, ಮೈಕೆಲಾಂಜೆಲೊನ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ ಮ್ಯೂಸಿಯಂ. ಉಫೀತ್ಸಿ, ಅಕಾಡೆಮಿಯಾ ಎರಡೂ ಸೋಮವಾರ ರಜೆ, ಅದಕ್ಕೇ ಶನಿವಾರ ಇಳಿದು ಮಂಗಳವಾರ ಹೊರಡುವ ಪ್ಲಾನ್ ಮಾಡಿದವರು ಒದ್ದಾಡ್ತಾರೆ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಉಚಿತ, ಆದರೆ ಆ ದಿನದ ಸಾಲು ನೋಡಿದರೆ ದುಡ್ಡು ಕೊಟ್ಟು ಇನ್ನೊಂದು ದಿನ ಹೋಗೋದೇ ವಾಸಿ. ಟಿಕೆಟ್ಟನ್ನು ಆಯಾ ಮ್ಯೂಸಿಯಂನ ಅಧಿಕೃತ ತಾಣದಿಂದಲೇ ತಗೊಳ್ಳಿ, ಮಧ್ಯವರ್ತಿಗಳು ಅದನ್ನೇ ಜಾಸ್ತಿ ಬೆಲೆಗೆ ಮಾರ್ತಾರೆ. ಎಲ್ಲರಿಗೂ ಒಂದೇ ಸಮಯದ ಸ್ಲಾಟ್ ಸಿಗಬೇಕಾದರೆ ಒಬ್ಬರೇ ಒಂದೇ ಸಲಕ್ಕೆ ಎಲ್ಲರದ್ದೂ ಬುಕ್ ಮಾಡಬೇಕು, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು ಹಾಕಿ.

ಈ ಮೂರರಲ್ಲಿ ಒಂದೇ ನೋಡೋಕೆ ಆಗೋದು ಅಂದರೆ ನಾನು ಗುಮ್ಮಟ ಅಂತೀನಿ. ಸಾಂತಾ ಮರಿಯಾ ದೆಲ್ ಫಿಯೊರೆ ಚರ್ಚ್ ಕಟ್ಟೋಕೆ ಶುರು ಮಾಡಿದ್ದು 1296ರಲ್ಲಿ. ಗೋಡೆಗಳು ಎದ್ದವು, ನಡುವೆ ಸುಮಾರು 45 ಮೀಟರ್ ಅಗಲದ ಬಾಯಿ ಹಾಗೇ ತೆರೆದಿತ್ತು, ಅದನ್ನು ಹೇಗೆ ಮುಚ್ಚೋದು ಅಂತ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಅಗಲಕ್ಕೆ ನೆಲದಿಂದ ಮರದ ಆಸರೆ ಕಟ್ಟುವುದು ಆಗದ ಮಾತು. ಅಕ್ಕಸಾಲಿಗನಾಗಿ ಕೆಲಸ ಕಲಿತಿದ್ದ ಬ್ರುನೆಲೆಸ್ಕಿ 1420ರಲ್ಲಿ ಶುರು ಮಾಡಿ 1436ಕ್ಕೆ ಆಸರೆಯೇ ಇಲ್ಲದೆ ಮುಚ್ಚಿಬಿಟ್ಟ. ಒಂದರೊಳಗೊಂದು ಎರಡು ಗುಮ್ಮಟ. ನಡುವೆ ಉಳಿದ ಸಂದಿಯಲ್ಲೇ ನೀವು ಹತ್ತುವ ಮೆಟ್ಟಿಲು. ಒಟ್ಟು 463, ಲಿಫ್ಟ್ ಇಲ್ಲ.

ಅರ್ಧ ದಾರಿಯಲ್ಲಿ ಒಳಗಿನ ಮೊಗಸಾಲೆಗೆ ಬರ್ತೀರಿ, ತಲೆಯ ಮೇಲೆ ವಸಾರಿ ಮತ್ತು ಜುಕ್ಕಾರಿ ಬಿಡಿಸಿದ ಅಂತಿಮ ತೀರ್ಪಿನ ಚಿತ್ರ. ಕೆಳಗಿಂದ ಹೆಬ್ಬೆರಳಷ್ಟು ಕಾಣ್ತಿದ್ದ ದೆವ್ವಗಳು ಇಲ್ಲಿ ಆಳೆತ್ತರ. ಅಲ್ಲಿಂದ ಮುಂದೆ ದಾರಿ ಕಿರಿದಾಗುತ್ತೆ, ಪಕ್ಕದ ಗೋಡೆ ನಿಮ್ಮ ಮೇಲೆ ವಾಲೋಕೆ ಶುರುವಾಗುತ್ತೆ, ಮೈ ಓರೆ ಮಾಡಿಕೊಂಡೇ ನಡೀಬೇಕು. ಇಲ್ಲಿ ಒಂದು ಕ್ಷಣ ನಿಂತು ಇಟ್ಟಿಗೆ ನೋಡಿ. ಅಡ್ಡಡ್ಡ ಜೋಡಿಸಿದ ವರಸೆಗಳ ನಡುವೆ ಅಲ್ಲಲ್ಲಿ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆ, ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಮೇಲೇರುತ್ತ ಹೋಗಿದೆ. ಗಾರೆ ಒಣಗುವ ಮೊದಲು ಇಟ್ಟಿಗೆ ಒಳಗೆ ಜಾರದ ಹಾಗೆ ಹಿಡಿದದ್ದು ಈ ಜೋಡಣೆಯೇ. ಹಿಂದಿನವರು ತಳ್ಳಿದರೂ ಪರವಾಗಿಲ್ಲ, ಕೈಯಿಟ್ಟು ನೋಡುವಷ್ಟು ಹತ್ತಿರದಲ್ಲಿದೆ. ಮೊಣಕಾಲು ನೋವು, ಇಕ್ಕಟ್ಟಿನ ಭಯ ಇರುವ ಗೆಳೆಯರನ್ನು ಮಾತ್ರ ಒತ್ತಾಯ ಮಾಡಬೇಡಿ. ಹತ್ತೋಕೆ ಶುರು ಮಾಡಿದ ಮೇಲೆ ನಡುವೆ ತಿರುಗಿ ಬರೋದು ಸುಲಭ ಇಲ್ಲ. ಅವರು ಅಷ್ಟು ಹೊತ್ತು ಚರ್ಚಿನ ಹಿಂದಿರುವ, ಚರ್ಚಿನದೇ ಕಲಾಕೃತಿಗಳನ್ನು ಇಟ್ಟಿರುವ ಒಪೆರಾ ಮ್ಯೂಸಿಯಂನಲ್ಲಿ ಇರಲಿ. ಗುಮ್ಮಟದ ಪಾಸ್‌ನಲ್ಲೇ ಅದರ ಪ್ರವೇಶವೂ ಸೇರಿದೆ. ಚರ್ಚಿನ ಎದುರಿಗಿರುವ ದೀಕ್ಷಾಸ್ನಾನದ ಮಂದಿರಕ್ಕೆ ಗಿಬೆರ್ತಿ ಮಾಡಿದ 'ಸ್ವರ್ಗದ ಬಾಗಿಲು'ಗಳ ಅಸಲು ಇರೋದು ಅಲ್ಲಿ, ಹೊರಗೆ ಎಲ್ಲರೂ ಫೋಟೋ ತೆಗೆಯೋದು ನಕಲಿನದ್ದು. ಚರ್ಚ್ ಯಾವುದೇ ಇರಲಿ, ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ.

ಅಕಾಡೆಮಿಯಾಕ್ಕೆ ಒಂದು ಗಂಟೆ ಸಾಕು. ಡೇವಿಡ್ ಐದು ಮೀಟರಿಗೂ ಎತ್ತರ, ಮೈಕೆಲಾಂಜೆಲೊ 1501ರಿಂದ 1504ರವರೆಗೆ ಕೆತ್ತಿದ್ದು. ಅದರ ಕಡೆಗೆ ಓಡೋ ಮೊದಲು ಇಕ್ಕೆಲದಲ್ಲಿ ನಿಂತಿರುವ ಅರ್ಧಂಬರ್ಧ ಕೈದಿಗಳ ಶಿಲ್ಪ ನೋಡಿ, ಉಳಿಯ ಗೀರು ಇನ್ನೂ ಹಾಗೇ ಇದೆ. ಉಫೀತ್ಸಿ ಮಾತ್ರ ಅರ್ಧ ದಿನ ಬೇಡುತ್ತೆ. ಅಲ್ಲಿ ಗುಂಪು ಒಡೆಯಿರಿ. ಒಬ್ಬರು ಬೊಟಿಚೆಲ್ಲಿ ಬಿಡಿಸಿದ ಚಿತ್ರಗಳ ಎದುರು ಮುಕ್ಕಾಲು ಗಂಟೆ ನಿಲ್ತಾರೆ, ಇನ್ನೊಬ್ಬರಿಗೆ ಹತ್ತು ನಿಮಿಷಕ್ಕೆ ಕಾಲು ನೋವು. ಹನ್ನೆರಡೂವರೆಗೆ ಮೇಲಿನ ಕೆಫೆಯಲ್ಲಿ ಸಿಗೋಣ ಅಂತ ಹೇಳಿ ಬಿಟ್ಟುಬಿಡಿ.

ಬುಕಿಂಗ್ ಜಗ್ಗಾಟ ಕಡಿಮೆ ಇರುವ, ಆದರೂ ನಾನು ಯಾರಿಗೂ ತಪ್ಪಿಸಬೇಡಿ ಅನ್ನುವ ಜಾಗ ಸಾನ್ ಮಾರ್ಕೊ ಮಠ. ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಚ್ಚುತ್ತೆ, ಬೆಳಗ್ಗೆಯೇ ಹೋಗಿ. ಮೆಟ್ಟಿಲು ಹತ್ತಿ ತಲೆ ಎತ್ತಿದರೆ ಎದುರಿಗೇ ಫ್ರಾ ಆಂಜೆಲಿಕೊ ಬಿಡಿಸಿದ ದೇವದೂತ ಮತ್ತು ಮೇರಿ. ಒಳಗೆ ಸಾಲಾಗಿ ಸಣ್ಣ ಸಣ್ಣ ಕೋಣೆ, ಪ್ರತಿ ಕೋಣೆಗೂ ಒಂದು ಕಿಟಕಿ, ಗೋಡೆಯ ಮೇಲೆ ಒಂದು ಚಿತ್ರ. ಸನ್ಯಾಸಿಯೊಬ್ಬ ಜೀವನವಿಡೀ ದಿನಾ ಎದ್ದು ಅದೊಂದೇ ಚಿತ್ರ ನೋಡ್ತಿದ್ದ. ಉಫೀತ್ಸಿಯಲ್ಲಿ ನೂರಾರು ಚಿತ್ರ ನೋಡಿ ಕಣ್ಣು ದಣಿದವರಿಗೆ ಇದು ಬೇರೆಯೇ ಅನುಭವ.

ಊಟದ ವಿಷಯ. ಫ್ಲಾರೆನ್ಸ್ ಇರುವ ಟಸ್ಕನಿ ಪ್ರಾಂತ್ಯ ಮಾಂಸದ ನಾಡು, ಆದರೂ ಸಸ್ಯಾಹಾರಿಗಳು ಹಸಿದುಕೊಂಡಿರಬೇಕಿಲ್ಲ. ಟೊಮೆಟೊ ಮತ್ತು ಹಳೇ ಬ್ರೆಡ್ ಬೇಯಿಸಿದ ಪಪ್ಪಾ ಅಲ್ ಪೊಮೊದೊರೊ, ಬೀನ್ಸ್ ಮತ್ತು ಸೊಪ್ಪಿನ ರಿಬೊಲ್ಲಿತಾ, ಬೇಸಿಗೆಯಲ್ಲಿ ಬ್ರೆಡ್ಡಿನ ಸಲಾಡ್ ಪಂಜನೆಲ್ಲಾ. ಮಾಂಸದ ಸಾರು ಹಾಕಿದ್ದೀರಾ ಅಂತ ಕೇಳಿಯೇ ತಗೊಳ್ಳಿ: "ಚೆ ಬ್ರೋದೊ ದಿ ಕಾರ್ನೆ?" ಅಂದರೆ ಸಾಕು. ಪಾರ್ಮೆಜಾನ್ ಚೀಸ್ ಮಾಡೋದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ, ಕಟ್ಟುನಿಟ್ಟಿನವರು ಬೇಡ ಅಂತ ಮೊದಲೇ ಹೇಳಬೇಕು. ಮಧ್ಯಾಹ್ನಕ್ಕೆ ಸ್ಕಿಯಚ್ಚಾತಾ ಬ್ರೆಡ್ಡಿನೊಳಗೆ ಬದನೆಕಾಯಿ, ಚೀಸ್ ಹಾಕಿಸಿಕೊಂಡರೆ ಹೊಟ್ಟೆ ತುಂಬುತ್ತೆ, ಜೇಬಿಗೂ ಹಗುರ. ಇಲ್ಲಿನ ಮಾಮೂಲಿ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಅದು ಪದ್ಧತಿ. ಕಾಫಿ ಕೌಂಟರ್‌ನಲ್ಲಿ ನಿಂತೇ ಕುಡಿಯಿರಿ, ಕೂತರೆ ಬೆಲೆ ಬೇರೆ. ರಾತ್ರಿ ಊಟ ಏಳೂವರೆಗೆ ಮುಂಚೆ ಸಿಗೋದು ಕಷ್ಟ, ಐದಾರು ಜನ ಇದ್ದರೆ ಟೇಬಲ್ ಹಿಂದಿನ ದಿನವೇ ಹೇಳಿಡಿ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಎರಡು ಮೂರು ಯೂರೋ ಇರುತ್ತೆ, ಮೋಸ ಅಲ್ಲ, ಕೂತದ್ದಕ್ಕೆ. ಬಾಟಲಿ ನೀರು ಕೊಳ್ಳಬೇಡಿ. ಸಿನ್ಯೋರಿಯಾ ಚೌಕದಲ್ಲೇ ಉಚಿತ ಕುಡಿಯುವ ನೀರಿನ ನಲ್ಲಿ ಇದೆ, ಸೋಡಾ ನೀರೂ ಬರುತ್ತೆ.

ದುಡ್ಡಿನ ಲೆಕ್ಕ ಮೊದಲ ದಿನವೇ ಶುರು ಮಾಡಿ. ಅಲ್ಲಿ ಟೇಬಲ್ಲಿಗೆ ಒಂದೇ ಬಿಲ್ಲು, ಒಬ್ಬೊಬ್ಬರಿಗೂ ಬೇರೆ ಬರೆದುಕೊಡಿ ಅಂದರೆ ಮುಖ ಸಿಂಡರಿಸ್ತಾರೆ. ಒಬ್ಬರು ಕಾರ್ಡ್ ಉಜ್ಜಿ, ಖರ್ಚು ಹಂಚುವ ಆ್ಯಪ್‌ನಲ್ಲಿ ಅಲ್ಲೇ ಕೂತು ಹಾಕಿ, ಊರಿಗೆ ಬಂದು ಯುಪಿಐ ಮಾಡಿಕೊಂಡರೆ ಆಯ್ತು. ಕುಡಿಯದವರ ಮೇಲೆ ವೈನ್ ಖರ್ಚು ಹಾಕಬೇಡಿ. ಸಣ್ಣ ವಿಷಯ ಅನ್ಸುತ್ತೆ, ಆದರೆ ಮನಸ್ಸಲ್ಲಿ ಉಳಿಯೋದು ಇಂಥದ್ದೇ.

ಸಂಜೆ ಸೇರೋಕೆ ಎಲ್ಲರೂ ಗುಡ್ಡದ ಮೇಲಿನ ಚೌಕ ಪಿಯಾತ್ಸಾಲೆ ಮೈಕೆಲಾಂಜೆಲೊ ಅಂತಾರೆ. ಹೋಗಿ, ಇಡೀ ಊರು ಕಾಣುತ್ತೆ. ಆದರೆ ಇನ್ನು ಐದು ನಿಮಿಷ ಮೇಲೆ ಹತ್ತಿದರೆ ಸಾನ್ ಮಿನಿಯಾಟೊ ಚರ್ಚ್ ಇದೆ, ಅದರ ಮೆಟ್ಟಿಲಿಂದಲೂ ಅದೇ ನೋಟ, ಜನ ಕಡಿಮೆ. ಇನ್ನೊಂದು ದಿನ ಸಾಂತಾ ತ್ರಿನಿತಾ ಸೇತುವೆ ಮೇಲೆ ಸೇರಿ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಪೊಂಟೆ ವೆಕ್ಕಿಯೊ ಒಂದನ್ನು ಬಿಟ್ಟು ಊರಿನ ಎಲ್ಲ ಸೇತುವೆಗಳನ್ನೂ ಉಡಾಯಿಸಿತು. ಸಾಂತಾ ತ್ರಿನಿತಾದ ಕಲ್ಲುಗಳನ್ನು ನದಿಯಿಂದ ಎತ್ತಿ, ಮೊದಲಿದ್ದ ಹಾಗೇ ಮತ್ತೆ ಕಟ್ಟಿದ್ದಾರೆ. ಪೊಂಟೆ ವೆಕ್ಕಿಯೊ ಚೆನ್ನಾಗಿ ಕಾಣುವುದೂ ಇಲ್ಲಿಂದಲೇ. ಅದರ ಮೇಲೆ ಹಿಂದೆ ಕಸಾಯಿ ಅಂಗಡಿಗಳಿದ್ದವು, 1593ರಲ್ಲಿ ಊರಿನ ದೊರೆ ಆ ಕಸಾಯಿಗಳನ್ನು ಅಲ್ಲಿಂದ ಎಬ್ಬಿಸಿ ಅಂಗಡಿಗಳನ್ನು ಅಕ್ಕಸಾಲಿಗರಿಗೆ ಕೊಟ್ಟ, ಇವತ್ತಿಗೂ ಚಿನ್ನದ ಅಂಗಡಿಗಳೇ. ಆ ಸೇತುವೆ ಮೇಲೆ ಓಡಾಡಬೇಕು ಅಂದರೆ ಬೆಳಗ್ಗೆ ಏಳಕ್ಕೆ ಹೋಗಿ.

ಜೇಬುಗಳ್ಳರ ಕಾಟ ಸ್ಟೇಷನ್ ಸುತ್ತ, ಬಸ್ಸಲ್ಲಿ ಇದ್ದದ್ದೇ. ಪಾಸ್‌ಪೋರ್ಟ್ ಹಿಂದಿನ ಜೇಬಲ್ಲಿ ಬೇಡ. ಬೀದಿಯಲ್ಲಿ ಬಟ್ಟೆ ಹಾಸಿ ಮಾರುವ ಬ್ರಾಂಡ್ ಹೆಸರಿನ ನಕಲಿ ಬ್ಯಾಗ್ ಕೊಂಡರೆ ಕೊಂಡವರಿಗೂ ದಂಡ ಬೀಳುತ್ತೆ. ಪಿಸಾ, ಲೂಕಾ ಕಡೆ ಹೋಗುವ ಸ್ಥಳೀಯ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಸಿಯೆನಾಗೆ ರೈಲಿಗಿಂತ ಬಸ್ ಒಳ್ಳೆಯದು, ಹಳೇ ಊರಿನ ಹತ್ತಿರಕ್ಕೇ ಬಿಡುತ್ತೆ. ಅರ್ಧ ಗುಂಪು ಸಿಯೆನಾ, ಅರ್ಧ ಗುಂಪು ಇಲ್ಲೇ ಅಂತಾದರೂ ಏನೂ ತೊಂದರೆ ಇಲ್ಲ.

ಹೊರಡುವ ದಿನ ರೈಲು ಸಂಜೆಗಿದ್ದರೆ ಲಗೇಜನ್ನು ಸ್ಟೇಷನ್ನಿನಲ್ಲೇ ದುಡ್ಡು ಕೊಟ್ಟು ಇಟ್ಟು, ಎದುರಿಗಿರುವ ಸಾಂತಾ ಮರಿಯಾ ನೊವೆಲ್ಲಾ ಚರ್ಚ್ ನೋಡಿ. ಒಳಗೆ ಮಸಾಚ್ಚೊ 1420ರ ದಶಕದಲ್ಲಿ ಬರೆದ ತ್ರಿತ್ವದ ಚಿತ್ರ ಇದೆ. ಸಪಾಟು ಗೋಡೆಯಲ್ಲಿ ನಿಜವಾಗಿ ಒಂದು ಗೂಡು ಕೊರೆದ ಹಾಗೆ ಕಾಣುತ್ತೆ. ಪಕ್ಕದಿಂದ ನೋಡಿ, ಆಮೇಲೆ ನೇರ ಎದುರಿಗೆ ಬಂದು ನಿಂತು ನೋಡಿ. ಟಿಕೆಟ್ ಇದೆ, ಒಂದು ಗಂಟೆ ಇಟ್ಟುಕೊಳ್ಳಿ, ಪ್ಲಾಟ್‌ಫಾರ್ಮ್ ಅಲ್ಲಿಂದ ಐದು ನಿಮಿಷ.