ಜಡೆಗೆ ಕತ್ತರಿ ಹಾಕುವ ಮುಂಚೆ

ನಲವತ್ತು ದಾಟಿದ ಬಹಳಷ್ಟು ಹೆಂಗಸರು ಪಾರ್ಲರ್ ಕುರ್ಚಿಯಲ್ಲಿ ಕೂತು ಹೇಳುವುದು ಇಷ್ಟೇ: ‘ಶಾರ್ಟ್ ಮಾಡಿಬಿಡಿ, ವಯಸ್ಸು ಸ್ವಲ್ಪ ಕಮ್ಮಿ ಕಾಣಬೇಕು.’ ಕತ್ತರಿ ಹಿಡಿದವರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ಕೂದಲು ಗಿಡ್ಡ ಆದ ಮಾತ್ರಕ್ಕೆ ವಯಸ್ಸು ಇಳಿಯುವುದೂ ಇಲ್ಲ. ನೆತ್ತಿ ಚಪ್ಪಟೆಯಾಗಿ ಭಾರವೆಲ್ಲ ಕೆಳಗೆ ಜೋತರೆ ಮುಖವೂ ಜೋತ ಹಾಗೆ ಕಾಣುತ್ತದೆ. ನೆತ್ತಿಯ ಕೂದಲು ಒಂದಿಷ್ಟು ಎದ್ದು ನಿಂತರೆ ಅದೇ ಮುಖಕ್ಕೆ ಬೇರೆ ಕಳೆ. ಗಿಡ್ಡ ಕೂದಲಿನ ಲಾಭ ಇರುವುದೇ ಇಲ್ಲಿ. ವಯಸ್ಸಾದಂತೆ ಒಂದೊಂದು ಎಳೆಯೂ ತೆಳ್ಳಗಾಗುತ್ತದೆ. ಮುಟ್ಟು ನಿಂತ ಮೇಲೆ ಹಲವರಿಗೆ ಬೈತಲೆ ಅಗಲವಾಗುತ್ತದೆ. ಅಂಥ ಕೂದಲನ್ನು ಉದ್ದ ಬಿಟ್ಟರೆ ಅದರ ತೂಕವೇ ಬುಡವನ್ನು ಕೆಳಕ್ಕೆ ಎಳೆಯುತ್ತದೆ. ತೂಕ ಇಳಿಸಿದರೆ ಬುಡ ಎದ್ದೇಳುತ್ತದೆ.

ಮೊದಲು ನಿಮ್ಮ ಕೂದಲನ್ನು ನೋಡಿ

ರಜೆಯ ದಿನ ತಲೆಸ್ನಾನ ಮಾಡಿ. ಎಣ್ಣೆ, ಸೀರಮ್ ಏನೂ ಹಚ್ಚಬೇಡಿ. ಡ್ರೈಯರ್ ಬೇಡ, ಬಾಚುವುದೂ ಬೇಡ. ತಾನಾಗಿ ಒಣಗಲಿ. ಒಣಗಿದ ಮೇಲೆ ಕನ್ನಡಿ ಮುಂದೆ ನಿಂತರೆ ನಿಮ್ಮ ಕೂದಲಿನ ನಿಜವಾದ ಸ್ವಭಾವ ಕಾಣುತ್ತದೆ. ನೇರವೋ, ಅಲೆಯೋ, ಗುಂಗುರೋ? ಎಲ್ಲಿ ದಟ್ಟ, ಎಲ್ಲಿ ತೆಳು? ಪತ್ರಿಕೆಗಳಲ್ಲಿ ಬರುವ ದುಂಡು ಮುಖ, ಉದ್ದ ಮುಖದ ಪಟ್ಟಿಗಳಿಗಿಂತ ಈ ಒಂದು ನೋಟ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮುಖ್ಯವಾಗಿ ಸುಳಿ ಹುಡುಕಿ. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ಹೆದರಿಸುತ್ತಿದ್ದರು. ಕತ್ತರಿಸುವವರಿಗೆ ಅದು ಬೇರೆಯೇ ತಲೆನೋವು. ಉದ್ದ ಜಡೆ ಇದ್ದಾಗ ತೂಕಕ್ಕೆ ಸುಳಿ ಅಡಗಿ ಕೂತಿರುತ್ತದೆ. ಅಲ್ಲಿ ತೀರಾ ಗಿಡ್ಡ ಮಾಡಿದರೆ ಕೂದಲು ನಿಗುರಿ ನಿಲ್ಲುತ್ತದೆ, ಯಾವ ಜೆಲ್ಲಿಗೂ ಬಗ್ಗುವುದಿಲ್ಲ. ನೆತ್ತಿಯಲ್ಲಿ ಸುಳಿ ಇದ್ದರೆ ಆ ಜಾಗ ಮಾತ್ರ ಉದ್ದವಾಗಿರಲಿ. ಕುತ್ತಿಗೆಯ ಹಿಂದೆಯೂ ಕೆಲವರಿಗೆ ಸುಳಿ ಇರುತ್ತದೆ. ಅದನ್ನು ನೀವು ನೋಡಿಕೊಳ್ಳಲಾಗುವುದಿಲ್ಲ. ಮನೆಯವರಿಂದ ಮೊಬೈಲಿನಲ್ಲಿ ಫೋಟೊ ತೆಗೆಸಿ. ಹಣೆಯ ಸುಳಿಗೆ ಸುಲಭದ ಪರೀಕ್ಷೆ ಇದೆ. ಮುಂದಲೆ ಒದ್ದೆ ಮಾಡಿ, ಕೂದಲನ್ನು ಹಣೆಯ ಮೇಲೆ ಬೀಳುವ ಹಾಗೆ ಬಾಚಿ, ಹಾಗೇ ಒಣಗಲು ಬಿಡಿ. ಪ್ರತಿ ಸಲವೂ ಅದೇ ಜಾಗದಲ್ಲಿ ಸೀಳಿಕೊಂಡರೆ ನೇರ ಫ್ರಿಂಜ್, ಅಂದರೆ ಹಣೆಯ ಮೇಲೆ ಇಳಿಬಿಡುವ ಗಿಡ್ಡ ಮುಂಗೂದಲಿನ ಆಸೆ ಬಿಡಿ. ಪಕ್ಕಕ್ಕೆ ಹರಿಯುವ ಫ್ರಿಂಜ್ ಆದರೆ ನಡೆಯುತ್ತದೆ.

ಎಷ್ಟು ಗಿಡ್ಡ?

ಇಂಗ್ಲೆಂಡಿನ ಕೇಶ ವಿನ್ಯಾಸಕ ಜಾನ್ ಫ್ರೀಡಾ ಹೆಸರಿನಲ್ಲಿ ಪೆನ್ಸಿಲಿನ ಲೆಕ್ಕವೊಂದು ಚಾಲ್ತಿಯಲ್ಲಿದೆ. ಗದ್ದದ ಕೆಳಗೆ ಪೆನ್ಸಿಲನ್ನು ಅಡ್ಡ ಹಿಡಿಯಿರಿ. ಕಿವಿಯ ಹಾಲೆಯಿಂದ ಸ್ಕೇಲನ್ನು ನೇರ ಕೆಳಕ್ಕೆ ಹಿಡಿಯಿರಿ. ಎರಡೂ ಸೇರುವ ಜಾಗದ ಅಳತೆ 2.25 ಇಂಚಿಗಿಂತ ಕಡಿಮೆ ಇದ್ದರೆ ಗಿಡ್ಡ ಕೂದಲು ಒಪ್ಪುತ್ತದೆ, ಜಾಸ್ತಿ ಇದ್ದರೆ ಉದ್ದವೇ ಚೆಂದ ಅನ್ನುತ್ತದೆ ಈ ಲೆಕ್ಕ. ಮಾಡಿ ನೋಡಿ, ಮಜಾ ಇರುತ್ತದೆ. ಆದರೆ ಸ್ಕೇಲಿನ ಮಾತು ಕೇಳಿ ಆಸೆ ಕೈಬಿಡಬೇಡಿ.

ಇದಕ್ಕಿಂತ ಮುಖ್ಯವಾದದ್ದು ತುದಿ ಎಲ್ಲಿ ನಿಲ್ಲುತ್ತದೆ ಎನ್ನುವುದು. ಕೂದಲು ಮುಗಿಯುವ ಜಾಗಕ್ಕೇ ನೋಡುವವರ ಕಣ್ಣು ಹೋಗುತ್ತದೆ. ದವಡೆಯ ಅಂಚು ಸಡಿಲವಾಗಿದ್ದರೆ, ಗದ್ದದ ಕೆಳಗೆ ಮಡಿಕೆ ಬಿದ್ದಿದ್ದರೆ ಸರಿಯಾಗಿ ಅಲ್ಲೇ ತುದಿ ನಿಲ್ಲಿಸಬೇಡಿ. ಎರಡು ಬೆರಳಗಲ ಮೇಲೆ ಅಥವಾ ಎರಡು ಬೆರಳಗಲ ಕೆಳಗೆ ಇರಲಿ. ಕೆನ್ನೆಯ ಮೂಳೆ ಚೆನ್ನಾಗಿದ್ದರೆ ಮುಂದಿನ ಒಂದು ಎಳೆ ಅಲ್ಲಿಗೆ ಬಂದು ನಿಲ್ಲುವ ಹಾಗೆ ಮಾಡಿಸಿ.

ಧೈರ್ಯ ಸಾಲದವರು ಹೆಗಲ ಮೂಳೆ ಮುಟ್ಟುವ, ಸುತ್ತಲೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಕತ್ತರಿಸುವ ಉದ್ದನೆಯ ಬಾಬ್‌ನಿಂದ ಶುರು ಮಾಡಬಹುದು. ಜುಟ್ಟು ಕಟ್ಟುವಷ್ಟು ಉದ್ದ ಉಳಿದಿರುತ್ತದೆ, ಮನಸ್ಸಿಗೆ ಸಮಾಧಾನ. ತೆಳು ಕೂದಲಿಗೆ ಗದ್ದದ ಹತ್ತಿರ ನಿಲ್ಲುವ, ತುದಿ ಒಂದೇ ಸಮನಾಗಿರುವ ಬಾಬ್ ಒಳ್ಳೆಯದು. ಸಮ ಅಂಚಿನಿಂದ ಕೂದಲು ದಟ್ಟವಾಗಿ ಕಾಣುತ್ತದೆ. ದಪ್ಪ ಕೂದಲಿಗೆ ಅದೇ ಕಟ್ ಮಾಡಿದರೆ ಎರಡೂ ಕಡೆ ಉಬ್ಬಿಕೊಳ್ಳುತ್ತದೆ, ಅವರಿಗೆ ಲೇಯರ್ (ಹಂತ ಹಂತವಾಗಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸುವುದು) ಬೇಕು. ಪಿಕ್ಸಿ, ಅಂದರೆ ನಮ್ಮ ಹಳೆಯ ಬಾಯ್ ಕಟ್‌ನ ನಯವಾದ ರೂಪ, ಮುಖವನ್ನು ಪೂರ್ತಿ ತೆರೆದಿಡುತ್ತದೆ. ನಟಿ ಮಂದಿರಾ ಬೇಡಿಯವರನ್ನು ನೆನಪಿಸಿಕೊಳ್ಳಿ. ಖರ್ಚು ಮಾತ್ರ ಜಾಸ್ತಿ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಜಡೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ, ಪಿಕ್ಸಿಯಲ್ಲಿ ಆಕಾರವೇ ಕೆಡುತ್ತದೆ. 4ರಿಂದ 6 ವಾರಕ್ಕೊಮ್ಮೆ ಕುರ್ಚಿ ಹತ್ತಲೇಬೇಕು. ಬಾಬ್ ಆದರೆ 6ರಿಂದ 8 ವಾರ ತಡೆಯುತ್ತದೆ.

ಪಾರ್ಲರ್‌ನಲ್ಲಿ ಏನು ಹೇಳಬೇಕು

ಇಂಚಿನ ಲೆಕ್ಕದಲ್ಲಿ ಮಾತಾಡಬೇಡಿ. ನಿಮ್ಮ ಎರಡು ಇಂಚು ಬೇರೆ, ಅವರ ಎರಡು ಇಂಚು ಬೇರೆ. ಬೆರಳಿಟ್ಟು ತೋರಿಸಿ, ‘ಒಣಗಿದ ಮೇಲೆ ಇಲ್ಲಿಗೆ ಬರಬೇಕು’ ಅನ್ನಿ. ಒದ್ದೆ ಕೂದಲು ಹಿಗ್ಗಿರುತ್ತದೆ, ಒಣಗಿದಾಗ ಮೇಲಕ್ಕೆ ಏರುತ್ತದೆ. ಗುಂಗುರು ಕೂದಲಂತೂ ಸುರುಳಿ ಸುತ್ತಿಕೊಂಡು ಎಷ್ಟೋ ಮೇಲಕ್ಕೆ ಹೋಗುತ್ತದೆ. ಗುಂಗುರು ಕೂದಲಿನವರು ಒಣ ಕೂದಲನ್ನೇ ಕತ್ತರಿಸುವವರನ್ನು ಹುಡುಕಿಕೊಳ್ಳುವುದು ಕ್ಷೇಮ.

ಫೋಟೊ ತೋರಿಸಿ, ಆದರೆ ನಿಮ್ಮಂಥದ್ದೇ ಕೂದಲಿರುವವರದ್ದು ತೋರಿಸಿ. ಪಕ್ಕದಿಂದ, ಹಿಂದಿನಿಂದ ತೆಗೆದದ್ದೂ ಇರಲಿ. ಕನ್ನಡಕ ಹಾಕುವವರು ಅದನ್ನು ಮಧ್ಯೆ ಒಮ್ಮೆ ಹಾಕಿ ನೋಡಿಕೊಳ್ಳಿ, ಕಿವಿಯ ಮೇಲಿನ ಕೂದಲು ಕನ್ನಡಕದ ಕಡ್ಡಿಗೆ ಸಿಕ್ಕಿ ಉಬ್ಬುವುದು ಆಗಲೇ ಗೊತ್ತಾಗುತ್ತದೆ. ಹಲ್ಲು ಹಲ್ಲಾಗಿರುವ ಥಿನ್ನಿಂಗ್ ಕತ್ತರಿ ಕೈಗೆತ್ತಿಕೊಂಡರೆ ‘ಯಾಕೆ?’ ಎಂದು ಕೇಳಿ. ದಪ್ಪ ಕೂದಲಿಗೆ ಸರಿ. ತೆಳು ಕೂದಲಿಗೆ ಅದನ್ನು ಆಡಿಸಿದರೆ ತುದಿ ಇಲಿ ಕಡಿದ ಹಾಗಾಗುತ್ತದೆ.

ಬೆಳಗಿನ ಹತ್ತು ನಿಮಿಷ

ಕಟ್ ಚೆನ್ನಾಗಿದ್ದರೆ ಕೂದಲು ತಾನಾಗೇ ಸರಿಯಾಗಿ ಬೀಳಬೇಕು. 1960ರ ದಶಕದಲ್ಲಿ ಲಂಡನ್ನಿನ ಕೇಶ ವಿನ್ಯಾಸಕ ವಿಡಾಲ್ ಸಸೂನ್ ಬಾಬ್‌ಗೆ ಹೊಸ ರೂಪ ಕೊಟ್ಟಿದ್ದೇ ಹೀಗೆ. ರೋಲರ್, ಸ್ಪ್ರೇಗಳ ಕಾಟವಿಲ್ಲದೆ ತೊಳೆದು ಒಣಗಿಸಿದರೆ ಸಾಕು ಎನ್ನುವಂಥ ಕಟ್. ಆದರೂ ನೆತ್ತಿ ಏಳಲು ಸ್ವಲ್ಪ ಕೈಕೆಲಸ ಬೇಕು.

ತಲೆಸ್ನಾನದ ನಂತರ ಟವೆಲ್ಲಿನಿಂದ ಗಸಗಸ ಉಜ್ಜಬೇಡಿ. ಹಳೆಯ ಕಾಟನ್ ಟೀ ಶರ್ಟ್‌ನಿಂದ ಒತ್ತಿ ನೀರು ತೆಗೆಯಿರಿ. ನಿಂಬೆಹಣ್ಣಿನ ಗಾತ್ರದಷ್ಟು ಮೂಸ್ (ಕೂದಲು ಸೆಟ್ ಮಾಡುವ ನೊರೆ) ಬುಡಕ್ಕೆ ಹಚ್ಚಿ. ತಲೆ ಬಗ್ಗಿಸಿ, ಬೆರಳಾಡಿಸುತ್ತಾ ಮುಕ್ಕಾಲು ಪಾಲು ಒಣಗಿಸಿ. ತಲೆ ಎತ್ತಿದ ಮೇಲೆ ದುಂಡು ಬ್ರಷ್ ತೆಗೆದುಕೊಳ್ಳಿ. ನೆತ್ತಿಯ ಕೂದಲನ್ನು ಬೈತಲೆಗೆ ವಿರುದ್ಧ ದಿಕ್ಕಿಗೆ ಎತ್ತಿ ಹಿಡಿದು ಬುಡಕ್ಕೆ ಬಿಸಿಗಾಳಿ ಕೊಡಿ, ಕೊನೆಗೆ ತಣ್ಣನೆಯ ಗಾಳಿ. ಈ ತಣ್ಣನೆ ಗಾಳಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒದ್ದೆಯಾದಾಗ ಕೂದಲಿನೊಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗುತ್ತವೆ, ಒಣಗಿ ತಣ್ಣಗಾಗುವಾಗ ಮತ್ತೆ ಗಟ್ಟಿಯಾಗುತ್ತವೆ. ಆಗ ಯಾವ ಆಕಾರದಲ್ಲಿ ಹಿಡಿದಿರುತ್ತೀರೋ ಅದೇ ನಿಲ್ಲುತ್ತದೆ. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ಸೆಟ್ ಮಾಡಿದ ಕೂದಲು ಬೇಗ ಕೆಡುವುದೂ ಇದೇ ಕಾರಣಕ್ಕೆ. ಕರಾವಳಿಯವರು ಕೂದಲಿನ ಸ್ವಭಾವದ ವಿರುದ್ಧ ಹೋಗದ ಕಟ್ ಆರಿಸಿ, ತುದಿಗೆ ಎರಡು ಹನಿ ಸೀರಮ್ ಹಚ್ಚಿದರೆ ಸಾಕು.

ಡ್ರೈಯರ್ ಇಲ್ಲವೇ? ನೆತ್ತಿಯ ಮೇಲೆ ಮೂರು ವೆಲ್ಕ್ರೋ ರೋಲರ್ ಸುತ್ತಿಕೊಂಡು ದೋಸೆ ಹುಯ್ಯಿರಿ.

ಸ್ಕೂಟರ್ ಓಡಿಸುವವರಿಗೆ ಹೆಲ್ಮೆಟ್ ಶತ್ರು, ಆದರೆ ಬಿಡುವ ಹಾಗಿಲ್ಲ. ಒದ್ದೆ ತಲೆಗೆ ಹೆಲ್ಮೆಟ್ ಹಾಕಲೇಬೇಡಿ, ಅದು ಒತ್ತಿದ ಆಕಾರದಲ್ಲೇ ಒಣಗುತ್ತದೆ. ಮನೆಯಿಂದ ಹೊರಡುವಾಗ ಬೈತಲೆಯನ್ನು ಬೇಕೆಂದೇ ಎದುರು ಬದಿಗೆ ತೆಗೆಯಿರಿ. ಆಫೀಸಿನಲ್ಲಿ ಹೆಲ್ಮೆಟ್ ತೆಗೆದು ಮಾಮೂಲಿ ಬದಿಗೆ ಹೊರಳಿಸಿದರೆ ಬುಡ ಎದ್ದು ನಿಲ್ಲುತ್ತದೆ.

ಎಣ್ಣೆ ಬಿಡಬೇಕಿಲ್ಲ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು ಪ್ರೋಟೀನ್ ನಷ್ಟ ತಡೆಯುತ್ತದೆ. ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ಹಚ್ಚಿಕೊಂಡೇ ಹೊರಗೆ ಹೋದರೆ ಗಿಡ್ಡ ಕೂದಲು ತಲೆಗೆ ಅಂಟಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನವರು ಕೊನೆಯ ಒಂದು ಚೊಂಬನ್ನಾದರೂ ಕುಡಿಯುವ ನೀರಿನಲ್ಲಿ ಹುಯ್ದುಕೊಳ್ಳಿ.

ಬಣ್ಣದ ಬಗ್ಗೆ ಒಂದೇ ಮಾತು: ಕಡುಕಪ್ಪು ಬೇಡ. ಮುಖದ ಗೆರೆಗಳನ್ನು ಅದು ಎತ್ತಿ ತೋರಿಸುತ್ತದೆ. ಕಂದು ಬೆರೆತ ಕಪ್ಪು ಮೆತ್ತಗೆ ಕಾಣುತ್ತದೆ. ಬಿಳಿಯನ್ನೇ ಬಿಟ್ಟರೂ ಚೆಂದ, ಇಂದಿರಾ ಗಾಂಧಿಯವರ ಗಿಡ್ಡ ಕೂದಲಿನ ಬಿಳಿ ಪಟ್ಟೆ ಅವರ ಗುರುತೇ ಆಗಿತ್ತು. ಡೈ ಹಚ್ಚುವುದಾದರೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಅದರಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಜೋರು ಅಲರ್ಜಿ ಮಾಡುತ್ತದೆ.

ಇನ್ನು ಹಬ್ಬದ ದಿನ ಹೂ ಮುಡಿಯುವುದು ಹೇಗೆ ಅಂತೀರಾ? ಬಾಬ್ ಇದ್ದರೆ ಕಿವಿಯ ಮೇಲಿನ ಎಳೆಗಳನ್ನು ಹಿಂದಕ್ಕೆ ತಂದು ಪಿನ್ ಹಾಕಿ, ಅದರ ಮೇಲೆ ಅರ್ಧ ಮೊಳ ಮಲ್ಲಿಗೆ ಮಡಿಸಿ ಸಿಕ್ಕಿಸಬಹುದು. ಪಿಕ್ಸಿಗೆ ಕಿವಿಯ ಹಿಂದೆ ಒಂದು ಗುಲಾಬಿ, ಅದೂ ನಿಲ್ಲದಿದ್ದರೆ ದೊಡ್ಡ ಜುಮುಕಿ.

ಕಟ್ ಇಷ್ಟವಾಗದೆ ಮತ್ತೆ ಬೆಳೆಸುವುದಾದರೆ ಸುಮ್ನೆ ಬಿಡಬೇಡಿ. ಕುತ್ತಿಗೆಯ ಹಿಂದಿನ ಕೂದಲು ಬೇಗ ಹೆಗಲು ಮುಟ್ಟುತ್ತದೆ, ಮುಂದಿನದ್ದು ಕಿವಿಯನ್ನೂ ದಾಟಿರುವುದಿಲ್ಲ. ಪಿಕ್ಸಿಯಿಂದ ಗದ್ದದವರೆಗೆ ಬರಲು ವರ್ಷವೇ ಹಿಡಿಯಬಹುದು. ಅಲ್ಲಿಯವರೆಗೆ ಎರಡು ತಿಂಗಳಿಗೊಮ್ಮೆ ಹಿಂಭಾಗ ಮಾತ್ರ ಟ್ರಿಮ್ ಮಾಡಿಸಿ, ಮುಂಭಾಗಕ್ಕೆ ಕತ್ತರಿ ತಾಗಿಸಬೇಡಿ ಎಂದು ಮೊದಲೇ ಹೇಳಿಬಿಡಿ.