ಕೊಬ್ಬು ತುಂಬಿದ ಕೋಶ, ಕೆರಳಿದ ಕೋಶ: ಗ್ರಾಹಕಗಳ ಪ್ರಯೋಗದಲ್ಲಿ ನನ್ನ ಅನುಭವ

ಅಪಧಮನಿಯ ಭಿತ್ತಿಯಲ್ಲಿ ಕೊಬ್ಬನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳೇ ಉರಿಯೂತವನ್ನೂ ಹುಟ್ಟಿಸುತ್ತವೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇವು ಒಂದೇ ಕ್ರಿಯೆಯ ಎರಡು ಮುಖಗಳೋ, ಬೇರೆ ಬೇರೆ ಗ್ರಾಹಕಗಳು (ನಿರ್ದಿಷ್ಟ ವಸ್ತುಗಳನ್ನು ಗುರುತಿಸಿ ಹಿಡಿಯುವ ಕೋಶದ ಪ್ರೋಟೀನ್‌ಗಳು) ನಡೆಸುವ ಎರಡು ಕ್ರಿಯೆಗಳೋ ಎಂಬುದನ್ನು ನೋಡುವುದಕ್ಕಾಗಿಯೇ ನಾನು ಪ್ರಯೋಗವನ್ನು ರೂಪಿಸಿದೆ.

ರಕ್ತದಲ್ಲಿ ಕೊಲೆಸ್ಟೆರಾಲನ್ನು ಸಾಗಿಸುವ ಕಣವಾದ ಎಲ್‌ಡಿಎಲ್ ಅನ್ನು ಒಳಗೆಳೆಯುವ ಎಲ್‌ಡಿಎಲ್ ಗ್ರಾಹಕದ ಕೆಲಸಕ್ಕೆ ಒಂದು ಮಿತಿಯುಂಟು: ಕೋಶದೊಳಗೆ ಕೊಲೆಸ್ಟೆರಾಲ್ ಸಾಕಷ್ಟಾದೊಡನೆ ಅದರ ಉತ್ಪಾದನೆ ತಗ್ಗುತ್ತದೆ. ಕೊಲೆಸ್ಟೆರಾಲ್ ನಿಯಂತ್ರಣದ ಈ ಸಂಶೋಧನೆಗಾಗಿ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ದೊರೆಯಿತು. ಆಕ್ಸಿಡೀಕೃತ, ಅಂದರೆ ಆಕ್ಸಿಡೀಕರಣದಿಂದ ಮಾರ್ಪಟ್ಟ ಎಲ್‌ಡಿಎಲ್ ಅನ್ನು ಒಳಗೆಳೆಯುವ ಸಿಡಿ36 ಮತ್ತು ಎಸ್‌ಆರ್-ಎ ಗ್ರಾಹಕಗಳಿಗೆ ಅಂಥ ತಡೆಯಿಲ್ಲ.

ರಕ್ತದಿಂದ ಬೇರ್ಪಡಿಸಿದ ಮೊನೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಒಂದು ವಾರದಷ್ಟು ಕಾಲ ಎಂ-ಸಿಎಸ್‌ಎಫ್ ಎಂಬ ಬೆಳವಣಿಗೆಯ ಪ್ರೋಟೀನ್‌ನಲ್ಲಿ ಬೆಳೆಸಿ ಮ್ಯಾಕ್ರೋಫೇಜ್‌ಗಳನ್ನಾಗಿಸಿದೆ. ಬಳಿಕ ಮಿಲಿಲೀಟರಿಗೆ 50 ಮೈಕ್ರೊಗ್ರಾಂ ಆಕ್ಸಿಡೀಕೃತ ಎಲ್‌ಡಿಎಲ್ ಸೇರಿಸಿ 24 ಗಂಟೆ ಇರಿಸಿದೆ. ಹೋಲಿಕೆಗೆಂದು ಮತ್ತೊಂದು ತಟ್ಟೆಗೆ ಮಾರ್ಪಡಿಸದ ಎಲ್‌ಡಿಎಲ್ ಹಾಕಿದೆ. ಕೊಬ್ಬನ್ನು ಕೆಂಪಾಗಿಸುವ ಆಯಿಲ್ ರೆಡ್ ಒ ಬಣ್ಣ ಹಾಕಿ ನೋಡಿದಾಗ ಮೊದಲನೆಯ ತಟ್ಟೆಯ ಕೋಶಗಳು ಕೆಂಪು ಹನಿಗಳಿಂದ ತುಂಬಿದ್ದವು, ಎರಡನೆಯದರಲ್ಲಿ ಹನಿಗಳು ವಿರಳವಾಗಿದ್ದವು. ಸಿಡಿ36 ಅನ್ನು ತಡೆಯುವ ಪ್ರತಿಕಾಯವನ್ನು ಮೊದಲೇ ಸೇರಿಸಿದಲ್ಲಿ ಹನಿಗಳು ಕಡಿಮೆಯಾದವಾದರೂ ಪೂರ್ತಿ ಇಲ್ಲವಾಗಲಿಲ್ಲ. ಉಳಿದ ಗ್ರಾಹಕಗಳು ತಮ್ಮ ಕೆಲಸವನ್ನು ನಡೆಸಿಯೇ ಇರುತ್ತವೆ.

ಈ ಕೆಲಸದಲ್ಲಿ ನಾನು ಅತ್ಯಂತ ಹೆಚ್ಚು ಎಚ್ಚರ ವಹಿಸಿದ್ದು ಬ್ಯಾಕ್ಟೀರಿಯಾದ ವಿಷಾಂಶವಾದ ಎಲ್‌ಪಿಎಸ್ ವಿಷಯದಲ್ಲಿ. ಎಲ್‌ಡಿಎಲ್ ತಯಾರಿಕೆಯಲ್ಲಿ ಅದು ಲೇಶಮಾತ್ರ ಬೆರೆತಿದ್ದರೂ ಟಿಎಲ್‌ಆರ್4 ಗ್ರಾಹಕ ಜಾಗೃತಗೊಂಡು, ಕೊಬ್ಬೇ ಉರಿಯೂತವನ್ನು ಹುಟ್ಟಿಸಿತೆಂಬ ಸುಳ್ಳು ಫಲಿತಾಂಶ ಬರುತ್ತದೆ. ಆದ್ದರಿಂದ ಪ್ರತಿ ತಯಾರಿಕೆಯನ್ನೂ ಎಲ್‌ಪಿಎಸ್ ಅನ್ನು ಪತ್ತೆಹಚ್ಚುವ ಲಿಮ್ಯುಲಸ್ ಪರೀಕ್ಷೆಗೆ ಒಳಪಡಿಸಿದೆನಲ್ಲದೆ, ಎಲ್‌ಪಿಎಸ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪಾಲಿಮಿಕ್ಸಿನ್ ಬಿ ಬೆರೆಸಿದ ತಟ್ಟೆಯನ್ನೂ ಜೊತೆಗಿರಿಸಿದೆ. ಈ ನಿಯಂತ್ರಣ ತಟ್ಟೆಯಿಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಹೀಗೆ ಪರೀಕ್ಷಿಸಿದ ಆಕ್ಸಿಡೀಕೃತ ಎಲ್‌ಡಿಎಲ್‌ನಿಂದ ಕೊಬ್ಬು ತುಂಬಿಕೊಂಡ ಕೋಶಗಳು ಹೊರಬಿಟ್ಟ, ಉರಿಯೂತದ ಸಂಕೇತ ಸಾರುವ ಪ್ರೋಟೀನ್ ಐಎಲ್-1ಬೀಟಾ ಅತ್ಯಲ್ಪವಾಗಿತ್ತು. ಆದರೆ ಉದ್ದೇಶಪೂರ್ವಕವಾಗಿ ಎಲ್‌ಪಿಎಸ್‌ನಿಂದ ಕೋಶಗಳನ್ನು ಮೊದಲು ಸಜ್ಜುಗೊಳಿಸಿ ಆಮೇಲೆ ಕೊಲೆಸ್ಟೆರಾಲ್ ಹರಳುಗಳನ್ನು ಕೊಟ್ಟಾಗ ಅದರ ಪ್ರಮಾಣ ಸ್ಪಷ್ಟವಾಗಿ ಏರಿತು. ಎಲ್‌ಪಿಎಸ್ ಕೊಡುವ ಮೊದಲ ಸಂಕೇತ ಟಿಎಲ್‌ಆರ್4 ಮೂಲಕ ಐಎಲ್-1ಬೀಟಾದ ಪೂರ್ವರೂಪವನ್ನು ತಯಾರಿಸುತ್ತದೆ. ಹರಳುಗಳು ಕೋಶದ ಜೀರ್ಣಚೀಲಗಳಾದ ಲೈಸೊಸೋಮ್‌ಗಳನ್ನು ಹಾನಿಗೊಳಿಸಿ, ಕೋಶದೊಳಗಿನ ಪ್ರೋಟೀನ್ ಸಮೂಹವಾದ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಅನ್ನು ಎಚ್ಚರಿಸಿದಾಗ ಆ ಪೂರ್ವರೂಪ ಕತ್ತರಿಸಲ್ಪಟ್ಟು ಹೊರಬರುತ್ತದೆ. ಎನ್‌ಎಲ್‌ಆರ್‌ಪಿ3 ಪ್ರತಿಬಂಧಕವಾದ ಎಂಸಿಸಿ950 ಸೇರಿಸಿದಾಗ ಐಎಲ್-1ಬೀಟಾ ಕುಸಿಯಿತು, ಮೊದಲ ಸಂಕೇತದಿಂದಲೇ ಹೊರಬರುವ ಇನ್ನೊಂದು ಉರಿಯೂತದ ಪ್ರೋಟೀನ್ ಟಿಎನ್‌ಎಫ್ ಹಾಗೆಯೇ ಉಳಿಯಿತು; ತಡೆ ಬಿದ್ದದ್ದು ಎರಡನೆಯ ಹಂತದಲ್ಲೇ ಎಂಬುದಕ್ಕೆ ನನಗೆ ದೊರೆತ ಅತ್ಯಂತ ತೃಪ್ತಿಕರವಾದ ಪುರಾವೆ ಇದು.

ಹೃದಯಾಘಾತವಾಗಿದ್ದ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಪ್ರಯೋಗವನ್ನು ನಾನು ಈ ಬೆಳಕಿನಲ್ಲಿಯೇ ಓದುತ್ತೇನೆ. ಐಎಲ್-1ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ 150 ಮಿಲಿಗ್ರಾಂ ಪ್ರಮಾಣದಲ್ಲಿ, ಎಲ್‌ಡಿಎಲ್ ಮಟ್ಟವನ್ನು ಇಳಿಸದೆಯೇ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಘಟನೆಗಳನ್ನು ಶೇ. 15ರಷ್ಟು ತಗ್ಗಿಸಿತು. ಮರುವರ್ಷ ಪ್ರಕಟವಾದ ಸರ್ಟ್ ಪ್ರಯೋಗದಲ್ಲಿ ಉರಿಯೂತ ತಗ್ಗಿಸಲು ಬಳಸುವ ಮೆಥೊಟ್ರೆಕ್ಸೇಟ್ ಔಷಧ ಐಎಲ್-1ಬೀಟಾವನ್ನಾಗಲಿ ರಕ್ತದಲ್ಲಿನ ಉರಿಯೂತದ ಸೂಚಕವಾದ ಸಿಆರ್‌ಪಿಯನ್ನಾಗಲಿ ಇಳಿಸಲಿಲ್ಲ, ಹೃದಯ ಸಂಬಂಧಿ ಘಟನೆಗಳೂ ಕಡಿಮೆಯಾಗಲಿಲ್ಲ. ಕ್ಯಾನಕಿನುಮ್ಯಾಬ್ ಪಡೆದವರಲ್ಲಿ ಮಾರಕ ಸೋಂಕುಗಳು ಹೆಚ್ಚಿದ್ದುದನ್ನೂ ಮರೆಯುವಂತಿಲ್ಲ. ದೇಹ ಸೋಂಕನ್ನು ಎದುರಿಸುವುದಕ್ಕೂ ಇದೇ ಅಣುವನ್ನು ಬಳಸುತ್ತದೆ. ಆದುದರಿಂದ ಈಗ ಯಾವುದೇ ಪ್ರತಿಬಂಧಕವನ್ನು ಪರೀಕ್ಷಿಸುವಾಗ, ಅದೇ ಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುವ ಸಾಮರ್ಥ್ಯವನ್ನು ಉಳಿಸಿಕೊಂಡಿವೆಯೇ ಎಂಬುದನ್ನೂ ಜೊತೆಯಲ್ಲೇ ಅಳೆಯುತ್ತೇನೆ.